ಇಪ್ಪತ್ತು ವರ್ಷ ಮಲಗಿದ್ದ ಪವರ್ ಆಂಪ್ಲಿಫೈಯರನ್ನು ಎಬ್ಬಿಸುವುದು ಹೇಗೆ?

ಪ್ರಶ್ನೆ: ನಮ್ಮ ಸೋದರಮಾವನ ಅಟ್ಟದಲ್ಲಿದ್ದ 1970ರ ದಶಕದ ಸ್ಟೀರಿಯೋ ಪವರ್ ಆಂಪ್ಲಿಫೈಯರ್ ಈಗ ನನ್ನ ಹತ್ತಿರ ಇದೆ. ಟ್ರಾನ್ಸಿಸ್ಟರಿನದ್ದು. ಹಿಂದುಗಡೆ ಚಾನೆಲ್ಲಿಗೆ 60 ವಾಟ್, 8 ಓಮ್ ಅಂತ ಬರೆದಿದೆ. ಇಪ್ಪತ್ತು ವರ್ಷದಿಂದ ಯಾರೂ ಆನ್ ಮಾಡಿಲ್ಲ. ಮುಂದೆ ಒಂದು ಸ್ವಿಚ್ಚು, ಒಂದು ಕೆಂಪು ದೀಪ ಬಿಟ್ಟರೆ ಏನೂ ಇಲ್ಲ, ವಾಲ್ಯೂಮ್ ಕೂಡ ಇಲ್ಲ. ಫೋನಿನಿಂದ ಹಾಡು ಕೇಳಬೇಕು, ಮುಂದೆ ರೆಕಾರ್ಡ್ ಪ್ಲೇಯರ್ ಕೂಡ ಜೋಡಿಸಬೇಕು ಅಂತಿದೆ. ಹೊಸ 6 ಓಮ್ ಸ್ಪೀಕರ್ ತಂದಿಟ್ಟಿದ್ದೇನೆ. ನೇರವಾಗಿ ಪ್ಲಗ್ ಹಾಕಬಹುದಾ? ಕೆಪಾಸಿಟರ್ ಎಲ್ಲ ಬದಲಾಯಿಸಲೇಬೇಕು ಅಂತ ಒಬ್ಬರು ಹೇಳಿದರು, ಹೌದಾ? ದಿನವಿಡೀ ಆನ್ ಇಡಬಹುದಾ?

ಉತ್ತರ: ನೇರವಾಗಿ ಪ್ಲಗ್ ಹಾಕಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಉತ್ತರ ಅರ್ಧ ಓದುವಷ್ಟರಲ್ಲಿ ಕೈ ಸ್ವಿಚ್ ಬೋರ್ಡಿನ ಕಡೆ ಹೋಗಿರುತ್ತದೆ. ನನ್ನದೂ ಹೋಗಿತ್ತು.

ಇಂಥದ್ದೇ ಒಂದು ಆಂಪ್ ಮೊದಲ ಸಲ ನನ್ನ ಕೈಗೆ ಬಂದಾಗ, ಇದ್ದುದರಲ್ಲಿ ಒಳ್ಳೆಯ ಸ್ಪೀಕರ್ ಜೋಡಿಸಿ ಆನ್ ಮಾಡಿದೆ. ದಪ್ ಅಂತ ಒಂದು ಸದ್ದು. ಬಲಗಡೆ ಸ್ಪೀಕರಿನ ಕೋನ್ ಮುಂದಕ್ಕೆ ಉಬ್ಬಿತು. ಉಬ್ಬಿದ್ದು ವಾಪಸ್ ಹೋಗಲಿಲ್ಲ, ಅಲ್ಲೇ ನಿಂತಿತು. ಪರವಾಗಿಲ್ಲ, ಜೀವ ಇದೆ ಅಂತ ಖುಷಿಪಟ್ಟೆ ನೋಡಿ! ನಾಲ್ಕೈದು ಸೆಕೆಂಡಿನಲ್ಲಿ ವಾರ್ನಿಶ್ ಸುಟ್ಟ ವಾಸನೆ ಬಂತು. ವಾಯ್ಸ್ ಕಾಯಿಲ್, ಅಂದರೆ ಕೋನನ್ನು ಅಲ್ಲಾಡಿಸುವ ತಂತಿಸುರುಳಿ, ಹೋಗಿತ್ತು.

ಆಗಿದ್ದು ಇಷ್ಟೇ. ಔಟ್‌ಪುಟ್ ಟ್ರಾನ್ಸಿಸ್ಟರ್ ಒಂದು ಒಳಗೇ ಶಾರ್ಟ್ ಆಗಿತ್ತು. ನಿಮ್ಮದರಂಥ 60 ವಾಟಿನ ಆಂಪ್ ಒಳಗೆ ಸುಮಾರು 38-40 ವೋಲ್ಟಿನ ಪ್ಲಸ್ ಲೈನ್ ಒಂದು, ಅಷ್ಟೇ ವೋಲ್ಟಿನ ಮೈನಸ್ ಲೈನ್ ಒಂದು ಇರುತ್ತವೆ. ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಆ ವೋಲ್ಟೇಜ್ ಪೂರ್ತಿ ಡಿಸಿ ಆಗಿ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟಾಗಿ, ಸ್ಪೀಕರಿಗೆ ಹೋಗುತ್ತದೆ. 6 ಓಮ್ ಸ್ಪೀಕರಿನ ಕಾಯಿಲನ್ನು ಮೀಟರಿನಲ್ಲಿ ಅಳೆದರೆ 5 ಓಮ್ ಆಸುಪಾಸು ತೋರಿಸುತ್ತದೆ. 38 ವೋಲ್ಟನ್ನು 5 ಓಮಿಗೆ ಕೊಟ್ಟರೆ ಹೆಚ್ಚುಕಡಿಮೆ 290 ವಾಟ್. ಅದೂ ಹಾಡಿನ ಹಾಗೆ ಏರುತ್ತ ಇಳಿಯುತ್ತ ಅಲ್ಲ, ಒಂದೇ ಸಮ. ಇಸ್ತ್ರಿ ಪೆಟ್ಟಿಗೆಯ ಕೆಲಸವನ್ನು ಕೂದಲೆಳೆಯಷ್ಟು ದಪ್ಪದ ತಂತಿಯ ಕೈಲಿ ಮಾಡಿಸಿದ ಹಾಗೆ. ಈಗಿನ ಆಂಪ್‌ಗಳಲ್ಲಿ ಡಿಸಿ ಕಂಡ ತಕ್ಷಣ ಸ್ಪೀಕರನ್ನು ಕಳಚಿಬಿಡುವ ರಿಲೇ ಇರುತ್ತದೆ. ಆ ಕಾಲದ ಎಷ್ಟೋ ಪವರ್ ಆಂಪ್‌ಗಳಲ್ಲಿ ಇರಲಿಲ್ಲ, ಇದ್ದರೆ ಒಂದು ಫ್ಯೂಸ್ ಇರುತ್ತಿತ್ತು, ಅಷ್ಟೇ.

ಹಾಗಾಗಿ ಹೊಸ ಸ್ಪೀಕರನ್ನು ಸದ್ಯಕ್ಕೆ ಬೇರೆ ರೂಮಿನಲ್ಲಿಡಿ. ತಮಾಷೆಗೆ ಹೇಳ್ತಿಲ್ಲ. ಕಣ್ಣೆದುರು ಇದ್ದರೆ ಜೋಡಿಸದೆ ಇರೋಕೆ ಆಗಲ್ಲ.

ಮೊದಲು ಹಿಂಭಾಗ ನೋಡಿ. ಮೇನ್ಸ್ ವೋಲ್ಟೇಜ್ ಎಷ್ಟು ಅಂತ ಬರೆದಿರುತ್ತದೆ. ಕೆಲವದರಲ್ಲಿ 110, 220, 240 ಅಂತ ತಿರುಗಿಸುವ ಸೆಲೆಕ್ಟರ್ ಇರುತ್ತದೆ. ಹೊರಗೆ ಕಾಣದಿದ್ದರೆ ಫ್ಯೂಸ್ ಹೋಲ್ಡರಿನಲ್ಲೇ ಅಡಗಿರಬಹುದು. ಜಪಾನಿನ ಒಳಗೇ ಮಾರಲು ಮಾಡಿದ್ದಾದರೆ 100 ವೋಲ್ಟ್. 100 ಅಥವಾ 120 ವೋಲ್ಟಿನದನ್ನು 230ಕ್ಕೆ ಹಾಕಿದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಅದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಆಂಪ್ ಎಳೆಯುವುದಕ್ಕಿಂತ ದೊಡ್ಡದೇ ಇರಲಿ. 220 ಅಂತ ಬರೆದಿದ್ದು ಮನೆಯಲ್ಲಿ 240 ಬರುತ್ತಿದ್ದರೆ ಒಳಗಿನ ಎಲ್ಲ ವೋಲ್ಟೇಜೂ ಶೇ 9ರಷ್ಟು ಏರುತ್ತದೆ. ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಆದರೂ ದೊಡ್ಡ ಕೆಪಾಸಿಟರಿನ (ಒಳಗೆ ಕರೆಂಟ್ ತುಂಬಿಟ್ಟುಕೊಳ್ಳುವ ಡಬ್ಬಿ) ಮೇಲೆ ಬರೆದ ವೋಲ್ಟೇಜಿಗೂ ಮುಂದೆ ಆನ್ ಮಾಡಿದಾಗ ನೀವು ಅಳೆಯುವುದಕ್ಕೂ ನಡುವೆ ಒಂದಿಷ್ಟು ಜಾಗ ಉಳಿದಿದೆಯಾ ಅಂತ ನೋಡಿ.

ಮೇನ್ಸ್ ವೈರನ್ನು ಸ್ವಲ್ಪ ಬಗ್ಗಿಸಿ ನೋಡಿ. ಬಿರುಕು ಬಿಟ್ಟರೆ, ಅಂಟಂಟಾಗಿದ್ದರೆ ಯೋಚನೆ ಮಾಡದೆ ಬದಲಾಯಿಸಿ. ಮೂರು ಪಿನ್ನಿನ ಆಂಪ್ ಆಗಿದ್ದರೆ ಪ್ಲಗ್ಗಿನ ಅರ್ಥಿಂಗ್ ಪಿನ್ನಿಗೂ ಆಂಪಿನ ಲೋಹದ ಮೈಗೂ ಸಂಪರ್ಕ ಇದೆಯಾ ಅಂತ ಮಲ್ಟಿಮೀಟರಿನಲ್ಲಿ ನೋಡಿ, ಸೊನ್ನೆಯ ಹತ್ತಿರ ತೋರಿಸಬೇಕು. ಹಿಂದೆ ಯಾವನೋ ಪುಣ್ಯಾತ್ಮ ಹಮ್ (ಸ್ಪೀಕರಿನಲ್ಲಿ ಬರುವ ಗುಂಯ್ ಸದ್ದು) ಹೋಗಲಿ ಅಂತ ಅರ್ಥಿಂಗ್ ವೈರನ್ನೇ ಕತ್ತರಿಸಿರುವುದನ್ನು ನಾನು ಒಂದೆರಡು ಸಲ ಅಲ್ಲ, ಬಹಳ ಸಲ ನೋಡಿದ್ದೇನೆ.

ಆಮೇಲೆ ಮುಚ್ಚಳ ಬಿಚ್ಚಿ. ಪ್ಲಗ್ಗು ಗೋಡೆಯಿಂದ ಹೊರಗಿರಬೇಕು, ಬರೀ ಸ್ವಿಚ್ ಆಫ್ ಆದರೆ ಸಾಲದು. ಇಪ್ಪತ್ತು ವರ್ಷ ಮಲಗಿದ್ದರಿಂದ ಈಗ ಕೆಪಾಸಿಟರಿನಲ್ಲಿ ಏನೂ ಉಳಿದಿರಲ್ಲ. ಆದರೆ ಒಂದು ಸಲ ಕರೆಂಟ್ ಕೊಟ್ಟ ಮೇಲೆ ಈ ಅಭ್ಯಾಸ ಬೇಕೇ ಬೇಕು: ಒಳಗೆ ಕೈ ಹಾಕುವ ಮೊದಲು ದೊಡ್ಡ ಕೆಪಾಸಿಟರುಗಳ ವೋಲ್ಟೇಜ್ ಅಳೆಯುವುದು. 10,000 ಮೈಕ್ರೋಫ್ಯಾರಡಿನ ಎರಡು ಡಬ್ಬಿ 40 ವೋಲ್ಟಿಗೆ ತುಂಬಿದ್ದರೆ ಸ್ಕ್ರೂಡ್ರೈವರಿನ ತುದಿ ಕರಗಿಸುವಷ್ಟು ಶಕ್ತಿ ಅದರಲ್ಲಿ ಇರುತ್ತದೆ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವ ಶೂರತನ ಬೇಡ. 100 ಓಮಿನ, 10 ವಾಟಿನ ರೆಸಿಸ್ಟರಿಗೆ ಎರಡು ವೈರ್ ಬೆಸೆದು, ಅದರ ಕಾಲುಗಳಿಗೆ ಇನ್ಸುಲೇಶನ್ ಕೊಳವೆ ಹಾಕಿ ಮುಚ್ಚಿ, ಅದನ್ನು ಕೆಪಾಸಿಟರಿನ ಎರಡು ತುದಿಗೆ ಐದಾರು ಸೆಕೆಂಡ್ ಹಿಡಿದರೆ ಖಾಲಿಯಾಗುತ್ತದೆ. ಹಿಡಿದು, ಮತ್ತೆ ಮೀಟರಿನಲ್ಲಿ ನೋಡಿ.

ಧೂಳನ್ನು ಮೆತ್ತನೆ ಬ್ರಷ್ಷಿನಿಂದ ತೆಗೆಯಿರಿ. ತೆಗೆಯುತ್ತ ಕಣ್ಣು ಹಾಯಿಸಿ. ತಲೆ ಉಬ್ಬಿದ ಕೆಪಾಸಿಟರ್ ಇದೆಯಾ, ಬುಡದಲ್ಲಿ ಒಣಗಿದ ಕಲೆ ಇದೆಯಾ, ಕಪ್ಪಾದ ರೆಸಿಸ್ಟರ್ ಇದೆಯಾ, ಅದರ ಕಾಲಿನ ಸುತ್ತ ಬೆಸುಗೆ ಉಂಗುರದ ಹಾಗೆ ಬಿರುಕು ಬಿಟ್ಟಿದೆಯಾ. ದೊಡ್ಡ ಕೆಪಾಸಿಟರುಗಳ ಬುಡದಲ್ಲಿ ಫ್ಯಾಕ್ಟರಿಯವರೇ ಹಾಕಿದ ಗೋಂದು ಇರುತ್ತದೆ. ಅದು ಕೆಲವು ಸಲ ಲೀಕ್ ಆದ ಹಾಗೆ ಕಂಡು ಹೆದರಿಸುತ್ತದೆ, ಸುಮ್ನೆ ಗಾಬರಿ ಬೇಡ. ಆದರೆ ಅದೇ ಗೋಂದು ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿ ಪಕ್ಕದ ಸಣ್ಣ ಬಿಡಿಭಾಗಗಳ ಕಾಲನ್ನು ಮುಟ್ಟಿದ್ದರೆ ಕೆರೆದು ತೆಗೆಯಬೇಕು. ವಯಸ್ಸಾದ ಮೇಲೆ ಕೆಲವು ಗೋಂದು ಕರೆಂಟ್ ಹರಿಸುತ್ತವೆ, ತಾಮ್ರವನ್ನೂ ತಿನ್ನುತ್ತವೆ.

ಇನ್ನೊಂದು. ಪವರ್ ಸ್ವಿಚ್ಚಿನ ಹತ್ತಿರ, ಮೇನ್ಸಿಗೆ ಅಡ್ಡಲಾಗಿ, ಒಂದು ಸಣ್ಣ ಚೌಕ ಕೆಪಾಸಿಟರ್ ಇರಬಹುದು. ಹಳದಿ ಛಾಯೆಯ ಪಾರದರ್ಶಕ ಕವಚ, ಒಳಗೆ ಕಾಗದದ ಸುರುಳಿ. ಕವಚದ ಮೇಲೆ ಗಾಜು ಸೀಳಿದ ಹಾಗೆ ಸಣ್ಣ ಗೀರುಗಳಿದ್ದರೆ ಅದು ತೇವ ಕುಡಿದಿದೆ ಅಂತ ಲೆಕ್ಕ. ಕರೆಂಟ್ ಕೊಟ್ಟ ಕೆಲವು ನಿಮಿಷಕ್ಕೆ ಮನೆ ತುಂಬ ಗಬ್ಬು ಹೊಗೆ. ಇದೊಂದನ್ನು ಅಳೆಯದೆ, ಪರೀಕ್ಷೆ ಮಾಡದೆ, ಸುಮ್ಮನೆ ಬದಲಾಯಿಸಿ. ಅಲ್ಲಿ ಎಕ್ಸ್2 ಅಂತ ಬರೆದಿರುವ ಕೆಪಾಸಿಟರೇ ಆಗಬೇಕು, ಮೇನ್ಸಿಗೆ ಅಡ್ಡ ಹಾಕಲೆಂದೇ ಮಾಡಿದ್ದು ಅದು.

ಫ್ಯೂಸುಗಳನ್ನೂ ಒಂದೊಂದಾಗಿ ತೆಗೆದು ನೋಡಿ. ಬರೆದಿರುವ ಆಂಪಿಯರೇ ಇದೆಯಾ? ಇಲ್ಲ, ಯಾರೋ ಬೆಳ್ಳಿ ಕಾಗದ ಸುತ್ತಿದ್ದಾರಾ? ಸುತ್ತಿದ್ದರೆ ಆ ಆಂಪಿಗೆ ಏನೋ ಆಗಿ ಅಟ್ಟ ಸೇರಿದೆ ಅಂತಲೇ ಇಟ್ಟುಕೊಳ್ಳಿ.

ಈಗ ಬಲ್ಬಿನ ವಿಷಯ. ಇದೇ ಈ ಇಡೀ ಕೆಲಸದ ಜೀವ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಒಳಗೆ ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳ್ಳನೆ ಆಕ್ಸೈಡ್ ಪದರ ಇರುತ್ತದೆ. ಕರೆಂಟನ್ನು ತಡೆಯುವುದು ಅದೇ. ವರ್ಷಗಟ್ಟಲೆ ವೋಲ್ಟೇಜ್ ಕಾಣದೆ ಬಿದ್ದಿದ್ದರೆ ಆ ಪದರ ಅಲ್ಲಲ್ಲಿ ಸವೆಯುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಸವೆದ ಕಡೆ ಕರೆಂಟ್ ಸೋರುತ್ತದೆ, ಬಿಸಿಯಾಗುತ್ತದೆ, ಒಳಗಿನ ದ್ರವ ಆವಿಯಾಗಿ ಡಬ್ಬಿ ಒಡೆಯುವುದೂ ಉಂಟು. ನಿಧಾನವಾಗಿ ಕೊಟ್ಟರೆ ಅದೇ ಸೋರುವ ಕರೆಂಟು ಪದರವನ್ನು ಮತ್ತೆ ಕಟ್ಟುತ್ತದೆ. ಮುರಿಯುವುದೂ ಅದೇ, ಕೂಡಿಸುವುದೂ ಅದೇ. ಎಷ್ಟು ಹರಿಯುತ್ತದೆ ಅನ್ನೋದು ಮಾತ್ರ ಲೆಕ್ಕ.

ಅದಕ್ಕೆ ಆಂಪಿಗೆ ಹೋಗುವ ಫೇಸ್ ವೈರಿನಲ್ಲಿ ಸೀರೀಸಿನಲ್ಲಿ, ಅಂದರೆ ಕರೆಂಟು ಬಲ್ಬನ್ನು ದಾಟಿಯೇ ಆಂಪಿಗೆ ಹೋಗುವ ಹಾಗೆ, ಒಂದು ಬಲ್ಬ್ ಹಾಕಬೇಕು. ಎಲೆಕ್ಟ್ರಿಷಿಯನ್ನರ ಹತ್ತಿರ ಇಂಥ ಸೀರೀಸ್ ಬೋರ್ಡ್ ಇದ್ದೇ ಇರುತ್ತದೆ. ಹಳೇ ಕಾಲದ ತಂತಿ ಬಲ್ಬೇ ಬೇಕು. ಎಲ್‌ಇಡಿ ಕೆಲಸಕ್ಕೆ ಬರಲ್ಲ. ನಿಮ್ಮ ಆಂಪಿಗೆ 60 ವಾಟಿನ ಬಲ್ಬ್ ಸರಿ. ತಂತಿ ತಣ್ಣಗಿರುವಾಗ ಅದರ ರೆಸಿಸ್ಟೆನ್ಸ್, ಉರಿಯುವಾಗ ಇರುವುದರ ಹತ್ತರಲ್ಲಿ ಒಂದು ಭಾಗವೂ ಇರಲ್ಲ. ಅಂದರೆ ಆಂಪ್ ಕಡಿಮೆ ಕರೆಂಟ್ ಎಳೆದರೆ ಬಲ್ಬು ದಾರಿ ಬಿಡುತ್ತದೆ, ಜಾಸ್ತಿ ಎಳೆದರೆ ತಾನೇ ಉರಿದು ಅಡ್ಡ ನಿಲ್ಲುತ್ತದೆ. ಒಳಗೆ ಪೂರ್ತಿ ಶಾರ್ಟ್ ಆಗಿದ್ದರೂ ಸುಮಾರು ಕಾಲು ಆಂಪಿಯರಿಗಿಂತ ಹೆಚ್ಚು ಹರಿಯಲು ಬಿಡಲ್ಲ. ಟ್ರಾನ್ಸಿಸ್ಟರ್ ಸುಡುವ ಬದಲು ಬಲ್ಬ್ ಉರಿಯುತ್ತದೆ. ವೇರಿಯಾಕ್ (ವೋಲ್ಟೇಜನ್ನು ತಿರುಗಿಸಿ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಇದ್ದವರು ಅದರಲ್ಲಿ ನಿಧಾನವಾಗಿ ಏರಿಸುತ್ತಾರೆ, ಸಂತೋಷ. ನಾನು ವೇರಿಯಾಕ್ ಇದ್ದರೂ ಬಲ್ಬನ್ನು ಬಿಟ್ಟಿಲ್ಲ. ವೇರಿಯಾಕ್ ನಾನು ಹೇಳಿದಷ್ಟು ಕೊಡುತ್ತದೆ, ನನ್ನ ತಪ್ಪನ್ನು ತಡೆಯಲ್ಲ.

ಮೇನ್ಸ್ ವೈರಿಂಗ್ ಅಭ್ಯಾಸ ಇಲ್ಲದಿದ್ದರೆ ಈ ಒಂದು ಭಾಗವನ್ನು ಗೊತ್ತಿರುವವರ ಕೈಲಿ ಮಾಡಿಸಿ. ಇಲ್ಲಿ ಕಲಿಯಲು ಹೋಗಬೇಡಿ.

ಸ್ಪೀಕರ್ ಇಲ್ಲ, ಇನ್‌ಪುಟ್ ಇಲ್ಲ. ಹಾಗೇ ಆನ್ ಮಾಡಿ. ಬಲ್ಬು ಒಂದು ಕ್ಷಣ ಜೋರಾಗಿ ಉರಿದು, ನಿಧಾನವಾಗಿ ಮಂಕಾಗಿ, ಕೊನೆಗೆ ಮಂದ ಕೆಂಪಿಗೋ ಪೂರ್ತಿ ಆರುವುದಕ್ಕೋ ಬಂದರೆ ಶುಭ ಸೂಚನೆ. ಕೆಪಾಸಿಟರ್ ತುಂಬುವಾಗ ಉರಿಯಿತು, ತುಂಬಿದ ಮೇಲೆ ಆರಿತು. ಉರಿದದ್ದು ಆರದೆ ಹಾಗೇ ಪ್ರಕಾಶವಾಗಿ ನಿಂತರೆ ಆಫ್ ಮಾಡಿ. ಎಲ್ಲೋ ಶಾರ್ಟ್ ಇದೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇರಬಹುದು, ಔಟ್‌ಪುಟ್ ಟ್ರಾನ್ಸಿಸ್ಟರ್ ಇರಬಹುದು, ಕೆಪಾಸಿಟರೂ ಇರಬಹುದು. ಇನ್ನೊಂದು ಬಗೆ ಇದೆ: ಮೊದಲು ಆರುತ್ತದೆ, ಹತ್ತು ನಿಮಿಷ ಬಿಟ್ಟು ನಿಧಾನವಾಗಿ ಕೆಂಪೇರುತ್ತದೆ. ಬಿಸಿಯಾದಂತೆ ಏನೋ ಜಾಸ್ತಿ ಎಳೆಯುತ್ತಿದೆ ಅಂತ ಅರ್ಥ. ಇದನ್ನು ಗಮನಿಸುವವರು ಕಡಿಮೆ, ಯಾಕೆಂದರೆ ಅಷ್ಟು ಹೊತ್ತಿಗೆ ಕಾಫಿ ಕುಡಿಯಲು ಎದ್ದು ಹೋಗಿರುತ್ತಾರೆ. ಹೋಗಬೇಡಿ. ಒಂದು ಗಂಟೆ ಪಕ್ಕದಲ್ಲೇ ಕೂತಿರಿ.

ಕೆಪಾಸಿಟರ್ ಎಲ್ಲ ಬದಲಾಯಿಸಲೇಬೇಕಾ ಅಂತ ಕೇಳಿದ್ದೀರಿ. ಬೇಕಾಗಿಲ್ಲ, ಕನಿಷ್ಠ ಇವತ್ತೇ ಬೇಕಾಗಿಲ್ಲ. ಈ ಸಲಹೆ ಕೊಡುವವರು ಬಹಳ ಜನ ಇದ್ದಾರೆ, ಅದರಲ್ಲಿ ನಿಜವೂ ಇದೆ: ಐವತ್ತು ವರ್ಷದ ಸಣ್ಣ ಎಲೆಕ್ಟ್ರೋಲಿಟಿಕ್‌ಗಳು, ಅದರಲ್ಲೂ ಬಿಸಿ ರೆಸಿಸ್ಟರಿನ ಪಕ್ಕ ಕೂತವು, ಒಣಗಿರುತ್ತವೆ. ಹತ್ತು ಡಿಗ್ರಿ ಬಿಸಿ ಜಾಸ್ತಿ ಆದರೆ ಅವುಗಳ ಆಯಸ್ಸು ಅರ್ಧ ಅಂತ ಒಂದು ಒರಟು ಲೆಕ್ಕ ಇದೆ. ಆದರೆ ಆಂಪ್ ಕೆಲಸ ಮಾಡುತ್ತಾ ಅಂತಲೂ ನೋಡದೆ ಒಂದೇ ದಿನ ನಲವತ್ತು ಕೆಪಾಸಿಟರ್ ಬದಲಾಯಿಸಿದರೆ, ಆಮೇಲೆ ತೊಂದರೆ ಬಂದಾಗ ಹಳೆಯ ರೋಗವೋ ನೀವು ತಂದ ಹೊಸ ರೋಗವೋ ಗೊತ್ತಾಗಲ್ಲ. ಒಂದೇ ಒಂದು ಕೆಪಾಸಿಟರ್ ಉಲ್ಟಾ ಹಾಕಿದರೂ ಸಾಕು. ಹಳೆಯ ಬೋರ್ಡುಗಳ ತಾಮ್ರದ ಗೆರೆ ಬೇರೆ ಬೇಗ ಏಳುತ್ತದೆ. ಮೊದಲು ಅಳೆಯಿರಿ, ಕೇಳಿ, ಆಮೇಲೆ ಬದಲಾಯಿಸಿ. ಒಂದು ಚಾನೆಲ್ ಮುಗಿಸಿ, ಪರೀಕ್ಷೆ ಮಾಡಿ, ಆಮೇಲೆ ಇನ್ನೊಂದು. ಹಾಗೆ ಮಾಡಿದರೆ ಮುಟ್ಟದ ಚಾನೆಲ್ಲೇ ನಿಮಗೆ ನಕ್ಷೆ. ಹೊಸದರ ವೋಲ್ಟೇಜ್ ಹಳೆಯದರಷ್ಟೇ ಅಥವಾ ಹೆಚ್ಚು ಇರಲಿ. ದೊಡ್ಡ ಫಿಲ್ಟರ್ ಕೆಪಾಸಿಟರಿಗೆ 10,000 ಇದ್ದ ಕಡೆ 40,000 ಹಾಕಿ ಬಾಸ್ ಜಾಸ್ತಿ ಬರುತ್ತೆ ಅಂತ ಕಾಯಬೇಡಿ. ಆನ್ ಮಾಡಿದಾಗ ನುಗ್ಗುವ ಕರೆಂಟಿಗೆ ಹಳೆಯ ರೆಕ್ಟಿಫೈಯರ್ ಮತ್ತು ಸ್ವಿಚ್ಚು ಪೆಟ್ಟು ತಿನ್ನುತ್ತವೆ.

ಬಲ್ಬಿನ ಪರೀಕ್ಷೆ ದಾಟಿದ ಮೇಲೆ ಮಲ್ಟಿಮೀಟರನ್ನು ಡಿಸಿ ವೋಲ್ಟಿಗಿಟ್ಟು ಎರಡೂ ಸ್ಪೀಕರ್ ಟರ್ಮಿನಲ್ ಅಳೆಯಿರಿ. ಬಲ್ಬ್ ಇದ್ದಾಗ ಒಂದು ಸಲ, ಬಲ್ಬ್ ತೆಗೆದು ಆಂಪನ್ನು ನೇರ ಮೇನ್ಸಿಗೆ ಹಾಕಿ ಒಂದು ಸಲ, ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ. 50 ಮಿಲಿವೋಲ್ಟಿನ ಒಳಗಿದ್ದರೆ ಚೆನ್ನಾಗಿದೆ. 100 ದಾಟಿದರೆ ಹುಡುಕಬೇಕು. ವೋಲ್ಟುಗಳ ಲೆಕ್ಕದಲ್ಲಿದ್ದರೆ ಸ್ಪೀಕರಿನ ಹೆಸರೆತ್ತಬೇಡಿ. ನನ್ನ ಆ ಮೊದಲ ಆಂಪಿನಲ್ಲಿ ಈ ಒಂದು ನಿಮಿಷದ ಕೆಲಸ ಮಾಡಿದ್ದರೆ ಸ್ಪೀಕರ್ ಉಳಿಯುತ್ತಿತ್ತು. ಒಂದು ಒಳಗುಟ್ಟು: 1967ರ ಕ್ವಾಡ್ 303ರ ಥರ ಔಟ್‌ಪುಟ್ಟಿನಲ್ಲೇ ದೊಡ್ಡ ಕೆಪಾಸಿಟರ್ ಇಟ್ಟಿರುವ ಆಂಪ್‌ಗಳಲ್ಲಿ ಅದು ಡಿಸಿಯನ್ನು ತಡೆಯುತ್ತದೆ. ಅಲ್ಲಿ ಆನ್ ಮಾಡಿದಾಗ ಒಂದು ದಪ್ ಸದ್ದು ಸಹಜ, ಹೆದರುವುದು ಬೇಡ.

ಅಳೆಯುವಾಗ ಹುಷಾರು. ಹೀಟ್‌ಸಿಂಕಿನ (ಬಿಸಿ ಹೊರಹಾಕುವ ಲೋಹದ ರೆಕ್ಕೆಗಳು) ಮೇಲೆ ಕೂತಿರುವ ಲೋಹದ ಟೋಪಿಯಂಥ ಟ್ರಾನ್ಸಿಸ್ಟರುಗಳು, ಟಿಒ-3 ಅಂತಾರಲ್ಲ, ಅವುಗಳ ಮೈಯೇ ಕಲೆಕ್ಟರ್, ಟ್ರಾನ್ಸಿಸ್ಟರಿನ ಮೂರು ತುದಿಗಳಲ್ಲಿ ಒಂದು. ಬಹುತೇಕ ಆಂಪ್‌ಗಳಲ್ಲಿ ಮೈಮೇಲೆ ಪೂರ್ತಿ 40 ವೋಲ್ಟ್ ಇರುತ್ತದೆ. ಕೆಳಗೆ ತೆಳ್ಳನೆ ಮೈಕಾ ಹಾಳೆ ಇಟ್ಟು ಹೀಟ್‌ಸಿಂಕಿನಿಂದ ಬೇರೆ ಮಾಡಿರುತ್ತಾರೆ. ಮೀಟರಿನ ಮೊನೆ ಜಾರಿ ಟೋಪಿಗೂ ಹೀಟ್‌ಸಿಂಕಿಗೂ ತಾಗಿದರೆ ಚಟ್ ಅಂತ ಎಲ್ಲ ಮುಗಿಯುತ್ತದೆ. ಒಂದು ಕೈಯನ್ನು ಜೇಬಿನಲ್ಲಿಡುವುದು, ಕ್ಲಿಪ್ಪಿನ ಪ್ರೋಬ್ ಬಳಸುವುದು, ಎರಡೂ ಒಳ್ಳೆಯ ಅಭ್ಯಾಸ.

ಆಮೇಲೆ ಬಯಾಸ್. ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರುಗಳಲ್ಲಿ ಸ್ವಲ್ಪ ಕರೆಂಟ್ ಹರಿಯುತ್ತಿರಬೇಕು. ತೀರಾ ಕಡಿಮೆಯಾದರೆ ಸಣ್ಣ ದನಿಯಲ್ಲಿ ಕರಕರ, ಜಾಸ್ತಿಯಾದರೆ ಹೀಟ್‌ಸಿಂಕ್ ಕಾವಲಿ. ಎಷ್ಟಿರಬೇಕು ಅನ್ನೋದು ಆಯಾ ಆಂಪಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಅದನ್ನೇ ಹುಡುಕಿ. ಅಳೆಯುವುದು ಔಟ್‌ಪುಟ್ ಟ್ರಾನ್ಸಿಸ್ಟರಿನ ಎಮಿಟರ್ ತುದಿಗೆ ಜೋಡಿಸಿದ ರೆಸಿಸ್ಟರಿನ ಮೇಲೆ. ಅದು 0.22 ಓಮ್ ಆಗಿದ್ದು 10 ಮಿಲಿವೋಲ್ಟ್ ತೋರಿಸಿದರೆ 45 ಮಿಲಿಆಂಪಿಯರ್ ಹರಿಯುತ್ತಿದೆ. ಎರಡು ಚಾನೆಲ್ಲೂ ಸರಿಸುಮಾರು ಒಂದೇ ಥರ ಇದ್ದು ಹೀಟ್‌ಸಿಂಕ್ ಬೆಚ್ಚಗೆ ಮಾತ್ರ ಆಗಿದ್ದರೆ ಬಯಾಸ್ ಹೊಂದಿಸುವ ಸಣ್ಣ ತಿರುಪನ್ನು, ಅಂದರೆ ಪ್ರೀಸೆಟ್ಟನ್ನು, ಮುಟ್ಟಲೇಬೇಡಿ. ಐವತ್ತು ವರ್ಷ ಒಂದೇ ಜಾಗದಲ್ಲಿ ನಿಂತ ಪ್ರೀಸೆಟ್ ತಿರುಗಿಸಿದಾಗ ಒಂದು ಕ್ಷಣ ಸಂಪರ್ಕ ತಪ್ಪಬಹುದು. ಕೆಲವು ಸರ್ಕ್ಯೂಟುಗಳಲ್ಲಿ ಸಂಪರ್ಕ ತಪ್ಪಿದರೆ ಬಯಾಸ್ ಗರಿಷ್ಠಕ್ಕೆ ಏರಿ ಟ್ರಾನ್ಸಿಸ್ಟರ್ ಹೋಗುತ್ತದೆ. ಹೊಂದಿಸಲೇಬೇಕು ಅಂದರೆ ಮೊದಲು ಕರೆಂಟ್ ತೆಗೆದು ಹೊಸ ಪ್ರೀಸೆಟ್ ಹಾಕಿ. 1975ರ ಕ್ವಾಡ್ 405ರಂಥದ್ದು ನಿಮ್ಮಲ್ಲಿದ್ದರೆ ಈ ಪ್ಯಾರಾ ಬಿಟ್ಟುಬಿಡಿ, ಅದರಲ್ಲಿ ಹೊಂದಿಸುವ ಬಯಾಸೇ ಇಲ್ಲ.

ನಿಮ್ಮದು ಟ್ರಾನ್ಸಿಸ್ಟರ್ ಅಂದಿರಿ, ಒಳ್ಳೆಯದಾಯಿತು. ವಾಲ್ವಿನದಾಗಿದ್ದರೆ ಒಳಗೆ 400 ವೋಲ್ಟಿನ ಮೇಲೆ ಇರುತ್ತದೆ, ಕೈ ತಾಗಿದರೆ ಜೀವಕ್ಕೇ ಅಪಾಯ. ಅಲ್ಲದೆ ಸ್ಪೀಕರ್ ಅಥವಾ ಡಮ್ಮಿ ಲೋಡ್ (ಸ್ಪೀಕರಿನ ಬದಲು ಹಾಕುವ ದೊಡ್ಡ ರೆಸಿಸ್ಟರ್) ಇಲ್ಲದೆ ಅದರಲ್ಲಿ ಹಾಡು ಹಾಕಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಇಲ್ಲಿ ನಾನು ಸ್ಪೀಕರ್ ಬೇಡ ಅಂತ ಹೇಳಿದ್ದೆಲ್ಲ ಅಲ್ಲಿ ಉಲ್ಟಾ.

ಡಿಸಿ ಸರಿ ಇದೆ, ಬಿಸಿ ಸರಿ ಇದೆ. ಈಗ ಸ್ಪೀಕರ್, ಆದರೆ ಹೊಸದಲ್ಲ. ಹೋದರೂ ಅಳು ಬರದಂಥ ಒಂದು ಹಳೇ ಸ್ಪೀಕರ್ ಹಾಕಿ. ಇನ್‌ಪುಟ್ ಖಾಲಿ ಇರಲಿ. ಟ್ವೀಟರಿಗೆ (ಮೇಲಿನ ಸ್ವರಗಳ ಸಣ್ಣ ಸ್ಪೀಕರ್) ಕಿವಿ ಹಚ್ಚಿದರೆ ಸಣ್ಣ ಸುಯ್ ಅನ್ನೋ ದನಿ ಬರಬಹುದು, ಅದು ಸರಿ.

ಇನ್ನು ವಾಲ್ಯೂಮ್. ಪವರ್ ಆಂಪ್ ಅಂದರೆ ಬರೀ ತೋಳು, ತಲೆ ಇಲ್ಲ. ಕೊಟ್ಟದ್ದನ್ನು ಇಪ್ಪತ್ತು-ಮೂವತ್ತು ಪಟ್ಟು ದೊಡ್ಡದು ಮಾಡಿ ಸ್ಪೀಕರಿಗೆ ತಳ್ಳುತ್ತದೆ. 8 ಓಮಿಗೆ 60 ವಾಟ್ ಅಂದರೆ 22 ವೋಲ್ಟ್. ಆ ಕಾಲದ ಬಹಳಷ್ಟು ಆಂಪ್‌ಗಳು ಪೂರ್ತಿ ಶಕ್ತಿಗೆ ಒಂದು ವೋಲ್ಟ್ ಆಸುಪಾಸು ಇನ್‌ಪುಟ್ ಕೇಳುತ್ತವೆ, ಕ್ವಾಡ್ 405 ಅರ್ಧ ವೋಲ್ಟಿಗೇ ಪೂರ್ತಿ ಕೊಡುತ್ತದೆ. ಸಿಡಿ ಪ್ಲೇಯರುಗಳು 2 ವೋಲ್ಟಿನವರೆಗೆ ಕೊಡುತ್ತವೆ, ಫೋನುಗಳು ಸಾಮಾನ್ಯವಾಗಿ ಅರ್ಧದಿಂದ ಒಂದು ವೋಲ್ಟ್. ಫೋನನ್ನು ನೇರ ಜೋಡಿಸಿ ಫೋನಿನ ವಾಲ್ಯೂಮೇ ಸಾಕು ಅಂದುಕೊಳ್ಳಬಹುದು. ರಾತ್ರಿ ಮೆಲ್ಲಗೆ ಹಾಡು ಕೇಳುತ್ತಿದ್ದೀರಿ, ಮೆಸೇಜ್ ಬಂದು ಟಿಂಗ್ ಅನ್ನುತ್ತದೆ. ಆ ಟಿಂಗ್‌ಗೆ ಅದರದ್ದೇ ವಾಲ್ಯೂಮ್ ಇರುತ್ತದೆ. 60 ವಾಟಿನಲ್ಲಿ ಬರುವ ಟಿಂಗ್ ಹೇಗಿರುತ್ತದೆ ಅಂತ ಒಂದು ಸಲ ಕೇಳಿದವರು ಮರೆಯಲ್ಲ.

ಹಾಗಾಗಿ ನಡುವೆ ದನಿ ಏರಿಸಿ ಇಳಿಸುವ ಪ್ರೀಆಂಪ್ ಬೇಕು. ಅದು ಸಿಗುವವರೆಗೆ ಒಂದು ಸಣ್ಣ ಲೋಹದ ಡಬ್ಬಿಯಲ್ಲಿ 10 ಕಿಲೋಓಮಿನ ಲಾಗ್ ಸ್ಟೀರಿಯೋ ಪಾಟ್ (ವಾಲ್ಯೂಮ್ ತಿರುಗಿಸುವ ಕಂಟ್ರೋಲ್) ಹಾಕಿದರೂ ನಡೆಯುತ್ತದೆ. ಫೋನಿಗೆ, ಸಿಡಿಗೆ ಅಷ್ಟು ಸಾಕು. ಮನೆಯಲ್ಲಿ ಬಿದ್ದಿದ್ದ 100 ಕಿಲೋಓಮಿನದನ್ನು ಹಾಕಬೇಡಿ. ಉದ್ದ ಕೇಬಲ್ ಸೇರಿದರೆ ಮೇಲಿನ ಸ್ವರಗಳು ಮಂಕಾಗುತ್ತವೆ, ಆಮೇಲೆ ಆಂಪ್ ಹಳೆಯದು ಅದಕ್ಕೇ ಹೀಗೆ ಅಂತ ಪಾಪ ಅದಕ್ಕೆ ಬೈಗುಳ. ಹಿಂದೆ ದುಂಡಗಿನ ಡಿನ್ ಸಾಕೆಟ್ ಇದ್ದರೆ ಆರ್‌ಸಿಎಗೆ ಬದಲಿಸುವ ಕೇಬಲ್ ಬೇಕು. ಯಾವ ಪಿನ್ ಯಾವ ಚಾನೆಲ್ ಅಂತ ಮಾಡೆಲ್ ನೋಡಿಯೇ ತರಬೇಕು, ಎಲ್ಲ ಡಿನ್ ಒಂದೇ ಅಲ್ಲ.

ರೆಕಾರ್ಡ್ ಪ್ಲೇಯರಿಗೆ ಈ ಪಾಟ್ ಸಾಲದು. ರೆಕಾರ್ಡಿನ ಮುಳ್ಳು ಕೂತಿರುವ ಸಾಮಾನ್ಯ ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಡ್ಜ್ ಕೊಡುವುದು 5 ಮಿಲಿವೋಲ್ಟ್ ಆಸುಪಾಸು, ಅಂದರೆ ಫೋನಿನದರ ನೂರರಲ್ಲೋ ಇನ್ನೂರರಲ್ಲೋ ಒಂದು ಪಾಲು. ಅಲ್ಲದೆ ರೆಕಾರ್ಡ್ ಕೊರೆಯುವಾಗ ಬಾಸ್ ತಗ್ಗಿಸಿ, ಟ್ರೆಬಲ್ ಏರಿಸಿರುತ್ತಾರೆ. ಕೇಳುವಾಗ ಅದನ್ನು ತಿರುಗಾಮುರುಗಾ ಮಾಡಬೇಕು. 1954ರ ಸುಮಾರಿಗೆ ಒಪ್ಪಿಕೊಂಡ ಆರ್‌ಐಎಎ ಲೆಕ್ಕ ಅದು. ಎರಡನ್ನೂ ಮಾಡುವುದು ಫೋನೋ ಪ್ರೀಆಂಪ್. ಪ್ಲೇಯರಿನ ಒಳಗೇ ಇದ್ದರೆ ಹಿಂದೆ ಲೈನ್ ಅಂತ ಸ್ವಿಚ್ ಇರುತ್ತದೆ. ಎರಡು ಸಲ ಹಾಕಿಬಿಡಬೇಡಿ.

ಪರೀಕ್ಷೆಯ ಹಾಡಿನಲ್ಲಿ ಒಂದು ಚಾನೆಲ್ ಸಣ್ಣಗೆ ಕೇಳಿದರೆ, ಬಿಟ್ಟು ಬಿಟ್ಟು ಬಂದರೆ, ತಕ್ಷಣ ಆಂಪಿನ ಮೇಲೆ ಅನುಮಾನ ಬೇಡ. ಆಫ್ ಮಾಡಿ ಇನ್‌ಪುಟ್ ಕೇಬಲ್ ಎಡಬಲ ಅದಲುಬದಲು ಮಾಡಿ. ತೊಂದರೆ ಇನ್ನೊಂದು ಬದಿಗೆ ಹೋಯಿತಾ? ಕೇಬಲ್ ಅಥವಾ ಫೋನಿನ ಕಡೆಯದು. ಅಲ್ಲೇ ಉಳಿಯಿತಾ? ಸ್ಪೀಕರ್ ಅದಲುಬದಲು ಮಾಡಿ. ಅದಾದ ಮೇಲೂ ತೊಂದರೆ ಆಂಪಿನ ಅದೇ ಚಾನೆಲ್ಲಿನಲ್ಲಿ ಉಳಿದರೆ ಆಗ ಆಂಪ್. ಸ್ಪೀಕರ್ ರಿಲೇ ಇರುವ ಆಂಪಿನಲ್ಲಿ ಸಣ್ಣ ದನಿಗೆ ಒಂದು ಬದಿ ಮಾಯವಾಗಿ, ಜೋರು ಮಾಡಿದಾಗ ವಾಪಸ್ ಬಂದರೆ ರಿಲೇಯ ಕಾಂಟ್ಯಾಕ್ಟ್ ಕಪ್ಪಾಗಿದೆ. ಇನ್‌ಪುಟ್ ಸಾಕೆಟ್ಟುಗಳನ್ನು ಮೊದಲೇ ಐಸೋಪ್ರೊಪೈಲ್ ಆಲ್ಕೋಹಾಲಿನಿಂದಲೋ ಕಾಂಟ್ಯಾಕ್ಟ್ ಕ್ಲೀನರಿನಿಂದಲೋ ಒರೆಸಿದರೆ ಅರ್ಧ ತಲೆನೋವು ಕಡಿಮೆ. ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಇದಕ್ಕಲ್ಲ.

ಹಮ್ ಬಂದರೆ ಮೊದಲು ಇನ್‌ಪುಟ್ ಕೇಬಲ್ ಕಿತ್ತು, ಸಾಕೆಟ್ಟಿನ ನಡುಪಿನ್ನನ್ನೂ ಹೊರಗಿನ ರಿಂಗನ್ನೂ ಶಾರ್ಟ್ ಮಾಡಿದ ಪ್ಲಗ್ ಹಾಕಿ ಕೇಳಿ. ಆಗಲೂ ಉಳಿದರೆ ಒಳಗಿನದು, ಹೆಚ್ಚಾಗಿ ಸೋತ ಫಿಲ್ಟರ್ ಕೆಪಾಸಿಟರ್. ಅದರ ದನಿ ಮೇನ್ಸಿನ ಎರಡು ಪಟ್ಟು, 50 ಹರ್ಟ್ಸ್ ಇರುವ ಕಡೆ 100, ಸ್ವಲ್ಪ ಗೊರಗೊರ. ಪ್ಲಗ್ ಹಾಕಿದಾಗ ಹೋದರೆ ಹೊರಗಿನದು. ಪ್ರೀಆಂಪಿಗೂ ಆಂಪಿಗೂ ಬೇರೆ ಬೇರೆ ದಾರಿಯಲ್ಲಿ ಅರ್ಥಿಂಗ್ ಸಿಕ್ಕಿ ಸುತ್ತು ಕಟ್ಟಿರುತ್ತದೆ. ಎಲ್ಲವನ್ನೂ ಒಂದೇ ಪವರ್ ಸ್ಟ್ರಿಪ್ಪಿಗೆ ಹಾಕಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಹೋಗುತ್ತದೆ. ಅರ್ಥಿಂಗ್ ಕತ್ತರಿಸುವ ಮಾತು ಮಾತ್ರ ಬೇಡ. ದನಿ ಸ್ಪೀಕರಿನಿಂದಲ್ಲ, ಆಂಪಿನ ಪೆಟ್ಟಿಗೆಯಿಂದಲೇ ಬರುತ್ತಿದ್ದರೆ ಅದು ಟ್ರಾನ್ಸ್‌ಫಾರ್ಮರಿನ ಗುಂಯ್. ಅದರ ಬೋಲ್ಟ್ ಸಡಿಲವಾಗಿದೆಯಾ ನೋಡಿ.

ಈ ಸ್ಪೀಕರಿನಲ್ಲಿ ಎರಡು ಮೂರು ಸಂಜೆ ಕಳೆಯಲಿ. ಆಮೇಲೆ ನಿಮ್ಮ ಹೊಸದನ್ನು ತನ್ನಿ. 8 ಓಮಿನ ಆಂಪಿಗೆ 6 ಓಮ್ ಸ್ಪೀಕರ್ ಮನೆಯ ಬಳಕೆಗೆ ನಡೆಯುತ್ತದೆ. ಮಾತಾಡುತ್ತ ಕೇಳುವಷ್ಟು ದನಿಗೆ ಒಂದು ವಾಟೂ ಖರ್ಚಾಗಲ್ಲ. ಗಂಟೆಗಟ್ಟಲೆ ಜೋರಾಗಿ ಹಾಕುವ ಯೋಚನೆ ಇದ್ದರೆ ಹೀಟ್‌ಸಿಂಕ್ ಮುಟ್ಟಿ ನೋಡುತ್ತಿರಿ. ಎರಡು ಮೂರು ಸೆಕೆಂಡ್ ಕೈ ಇಡಲಾಗದಿದ್ದರೆ ದನಿ ಇಳಿಸಿ. ವೈರಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 5 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ವೈರ್ ಹೋಗಿಬರುವ ದಾರಿಗೆ 0.12 ಓಮಿನಷ್ಟು, 2.5ರದ್ದು 0.07. ಅದರ ಮೇಲೆ ಏನೇ ಹಾಕಿದರೂ ನನ್ನ ಕಿವಿಗೆ ಗೊತ್ತಾಗಿಲ್ಲ. ಅದಕ್ಕಿಂತ ತುದಿಯ ಎಳೆಗಳನ್ನು ಬಿಗಿಯಾಗಿ ತಿರುಚಿ. ಹಳೆಯ ಟರ್ಮಿನಲ್‌ಗಳು ಒಂದಕ್ಕೊಂದು ತೀರಾ ಹತ್ತಿರ ಇರುತ್ತವೆ, ಒಂದೇ ಒಂದು ಎಳೆ ಆಚೆ ಚಾಚಿ ಪಕ್ಕದ್ದಕ್ಕೆ ತಾಗಿದರೆ ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮ. ಪ್ಲಸ್ ಮೈನಸ್ ಎರಡೂ ಬದಿ ಒಂದೇ ಥರ ಇರಲಿ. ಒಂದು ಉಲ್ಟಾ ಆದರೆ ಬಾಸ್ ಕರಗುತ್ತದೆ, ಹಾಡುವವರು ನಡುವೆ ನಿಲ್ಲದೆ ಎಲ್ಲೋ ತೇಲುತ್ತಾರೆ.

ಇಡುವ ಜಾಗ ತೆರೆದಿರಲಿ. ಬಾಗಿಲಿರುವ ಕಪಾಟು ಬೇಡ, ಮೇಲೆ ಪ್ರೀಆಂಪ್ ಪೇರಿಸುವುದೂ ಬೇಡ. ಹೀಟ್‌ಸಿಂಕಿನ ರೆಕ್ಕೆಗಳು ನೆಟ್ಟಗೆ ನಿಂತಿರಬೇಕು, ಗಾಳಿ ಕೆಳಗಿನಿಂದ ಮೇಲೆ ಹೋಗಬೇಕು, ಮೇಲೆ ಒಂದು ಗೇಣು ಜಾಗ ಬಿಡಿ. ರೆಕಾರ್ಡ್ ಪ್ಲೇಯರನ್ನು ಆಂಪಿನಿಂದ ಒಂದು ಮೀಟರ್ ದೂರವಿಡಿ, ಇಲ್ಲವಾದರೆ ಟ್ರಾನ್ಸ್‌ಫಾರ್ಮರಿನ ಹಮ್ಮನ್ನು ಕಾರ್ಟ್ರಿಡ್ಜ್ ಹಿಡಿದು ತರುತ್ತದೆ.

ದಿನವಿಡೀ ಆನ್ ಇಡುವ ವಿಷಯ. ಬೇಡ. ಬೆಚ್ಚಗಾಗಲು ಇದಕ್ಕೆ ಅರ್ಧ ಗಂಟೆ ಸಾಕು. ಉಳಿದ ಹೊತ್ತೆಲ್ಲ ಕೆಪಾಸಿಟರಿನ ಆಯಸ್ಸು ಸುಮ್ನೆ ಸುಡುತ್ತದೆ, ಮನೆಯಲ್ಲಿ ಯಾರೂ ಇಲ್ಲದಾಗ ರಿಲೇ ಇಲ್ಲದ ಐವತ್ತು ವರ್ಷದ ಆಂಪನ್ನು ಆನ್ ಬಿಟ್ಟು ಹೋಗಲು ನನಗಂತೂ ಧೈರ್ಯ ಇಲ್ಲ. ಆನ್ ಮಾಡುವಾಗ ಪ್ರೀಆಂಪ್ ಮೊದಲು, ವಾಲ್ಯೂಮ್ ಕೆಳಗೆ, ಹತ್ತು ಸೆಕೆಂಡ್ ಬಿಟ್ಟು ಪವರ್ ಆಂಪ್. ಆಫ್ ಮಾಡುವಾಗ ಪವರ್ ಆಂಪ್ ಮೊದಲು. ಕೆಂಪು ದೀಪ ಆರಿದ ಮೇಲೂ ಕೆಪಾಸಿಟರಿನಲ್ಲಿ ಉಳಿದ ಕರೆಂಟಿಗೆ ಹಾಡು ಕೆಲವು ಸೆಕೆಂಡ್ ಸಣ್ಣಗಾಗುತ್ತ ಬರಬಹುದು. ಅದು ಪೂರ್ತಿ ನಿಂತ ಮೇಲೆ ಪ್ರೀಆಂಪ್ ಆಫ್ ಮಾಡಿ.